ಮೇಡಂ ಸೃಷ್ಟಿಸಿದ ಎರಡು ಸಾವಿರ ಕಳ್ಳರು

ಕಂಪ್ಯೂಟರ್ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಕೂತವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಅದೇ ಒಳಗೆ ಬರುತ್ತದೆ.

ಹಾಸನದ ಕಾಲೇಜೊಂದರಲ್ಲಿ ನಾನು ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಎರಡು ಸಾವಿರದ ಐದಾರರ ಸುಮಾರು. ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಬಂದು ಪಾಠ ಮಾಡುತ್ತಿದ್ದ ಮೇಡಂ ಒಬ್ಬರು ಪಿಎಚ್.ಡಿ. ಮಾಡುತ್ತಿದ್ದರು. ವೈರಸ್ಸನ್ನು ಹೆಸರಿನಿಂದಲ್ಲ, ನಡತೆಯಿಂದ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸುವುದು ಅವರ ವಿಷಯ. ಮಗುವಿಗೆ ಹಸು ತೋರಿಸಿದ ಹಾಗೆ ಸಾವಿರಾರು ವೈರಸ್ ತೋರಿಸಿದರೆ ಅದು ಕಲಿಯುತ್ತದೆ. ಮೇಡಂ ಬಳಿ ಇದ್ದದ್ದು ಒಂಬತ್ತು. ವಿಶ್ವವಿದ್ಯಾಲಯ ಕೊಟ್ಟ ಅವಧಿಯಲ್ಲಿ ಉಳಿದದ್ದು ಒಂದೇ ವರ್ಷ. ತಪ್ಪಿದರೆ ಐದು ವರ್ಷದ ದುಡಿಮೆ ನೀರುಪಾಲು.

೧. ಭಿಕ್ಷೆ

ಖಾಲಿ ಸಿ.ಡಿ.ಗಳನ್ನು ಚೀಲಕ್ಕೆ ಹಾಕಿಕೊಂಡು ನಾನು ವೈರಸ್ ಬೇಡಲು ಹೊರಟೆ. ಚನ್ನರಾಯಪಟ್ಟಣದ ಸೈಬರ್ ಕೆಫೆಯಲ್ಲಿ ಹನ್ನೊಂದು ಸಿಕ್ಕವು. ಹೊಳೆನರಸೀಪುರದ ಕೆಫೆ ಮಾಲೀಕರು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ವೈರಸ್ಸಾ? ನಮ್ಮಂಗಡೀಲಾ? ಪೂಜೆ ಮಾಡ್ದೆ ಮಿಷಿನ್ ಆನ್ ಮಾಡಲ್ಲ ಸಾರ್ ನಾವು."

"ತಪ್ಪು ತಿಳೀಬೇಡಿ, ಸಂಶೋಧನೆಗೆ. ಚನ್ನರಾಯಪಟ್ಟಣದವರು ಹನ್ನೊಂದು ಕೊಟ್ಟರು."

"ಹನ್ನೊಂದಾ?" ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಬರೀ ಹನ್ನೊಂದಕ್ಕೆ ಅವ್ರಿಗೆ ಅಷ್ಟು ಜಂಬವಾ? ಆ ಮೂಲೆ ಮಿಷಿನ್ ಒಂದರಲ್ಲೇ ಹದಿನಾಲ್ಕವೆ. ತಗೊಂಡೋಗಿ."

೨. ಬೀಗ

ಎಲ್ಲ ಸೇರಿ ಮೂವತ್ತನಾಲ್ಕಾಯಿತು. ಸಾಲದು. ಉಳಿದವನ್ನು ತಾವೇ ಕಲ್ಪಿಸಿಕೊಳ್ಳಲು ಮೇಡಂ ನಿರ್ಧರಿಸಿದರು. ಒಂದೊಂದು ವೈರಸ್ ಯಾವ ಫೈಲ್ ತೆರೆಯುತ್ತದೆ, ಏನು ಕೆಡಿಸುತ್ತದೆ, ಎಲ್ಲಿ ಅಡಗುತ್ತದೆ ಎಂದು ಸಾಲಾಗಿ ಬರೆದರು. ಆ ನಡತೆಗಳನ್ನೇ ಬೆರೆಸಿ, ಹಿಂದೆಮುಂದೆ ಮಾಡಿ, ಎಲ್ಲೂ ಇಲ್ಲದ ಎರಡು ಸಾವಿರ ವೈರಸ್ಸುಗಳ ಪಟ್ಟಿ ಕಟ್ಟಿದರು. ಸುದ್ದಿ ಪ್ರಿನ್ಸಿಪಾಲರ ಕಿವಿಗೆ ಬಿತ್ತು.

"ಏನಮ್ಮಾ, ಕಾಲೇಜಿನ ಕರೆಂಟಲ್ಲಿ ವೈರಸ್ ತಯಾರಿಸ್ತಿದ್ದೀರಂತೆ?"

"ನಾನು ಕಳ್ಳನ್ನ ಸಾಕ್ತಿಲ್ಲ ಸಾರ್, ಕಳ್ಳನ ಚಹರೆ ಬರೀತಿದ್ದೀನಿ. ಕಾಗದದ ಮೇಲಿನ ಕಳ್ಳ ಏನೂ ಕದಿಯಲ್ಲ."

ಪ್ರಿನ್ಸಿಪಾಲರು ಒಂದು ಹಾಳೆಯನ್ನು ತುದಿಬೆರಳಲ್ಲಿ ಹಿಡಿದು ಓದಿದರು. ವಿಜ್ಞಾನ ಓದಿದವರು, ಒಪ್ಪಿದರು. "ಆದ್ರೂ ಬೀರುವಿಗೆ ಬೀಗ ಹಾಕಿ" ಎಂದರು. ಆಮೇಲೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡರು.

೩. ಪೆದ್ದ ಕಳ್ಳ

ಮೇಡಂ ಬರೆದ ಪ್ರೋಗ್ರಾಂ ಕಲ್ಪಿತ ಕಳ್ಳರನ್ನು ಒಬ್ಬನೂ ಬಿಡದಂತೆ ಹಿಡಿಯಿತು. ಮೂವತ್ತನಾಲ್ಕು ಅಸಲಿ ಕಳ್ಳರಲ್ಲಿ ಹತ್ತೊಂಬತ್ತು ಜನರನ್ನು ಮರ್ಯಾದೆಯಿಂದ ಒಳಗೆ ಬಿಟ್ಟಿತು. ಗಡುವಿಗೆ ಎರಡೇ ತಿಂಗಳು. ಮೇಡಂ ಊಟದ ಡಬ್ಬಿ ಬಿಚ್ಚದೆ ಕೂತಿದ್ದರು.

"ಯಾಕ್ ಸಾ, ಮೇಡಮ್ಮೋರು ಊಟ ಬುಟ್ಟವ್ರೆ?" ಎಂದು ಸಾಲಗಾಮೆ ಕಡೆಯ ನಮ್ಮ ಅಟೆಂಡರ್ ಕೇಳಿದ. ವಿಷಯ ಹೇಳಿ ಮೇಡಂ ಪಟ್ಟಿಯಿಂದ ಒಂದು ಸಾಲು ಓದಿದೆ.

"ಇದೇನ್ ಸಾ? ಬಂದ, ಬೀಗ ಒಡ್ದ, ಕದ್ದ, ಓದ. ಇಂಥ ಪೆದ್ದ ಕಳ್ಳ ಎಲ್ಲವ್ನೆ? ನಮ್ ತ್ವಾಟಕ್ಕೆ ಬರೋನು ಮೊದ್ಲು ಬೀಡಿ ಕೇಳ್ತಾನೆ. ಮಳೆ ಬೆಳೆ ಮಾತಾಡ್ತಾನೆ. ದನಕ್ಕೆ ಉಲ್ಲು ಬೇರೆ ಆಕ್ತಾನೆ. ಆಮ್ಯಾಕೆ ಕಾಯಿ ಕೀಳಾದು ಕಣ್ ಸಾ."

ಮೇಡಂ ಎದ್ದು ನಿಂತರು. ಅಂದಿನಿಂದ ಒಂದೊಂದು ಕೆಟ್ಟ ಕೆಲಸದ ನಡುವೆ ಹತ್ತು ಸಾಧು ಕೆಲಸ ಸೇರಿಸಿ ಎರಡು ಸಾವಿರವನ್ನೂ ಮತ್ತೆ ಬರೆದರು. ಆರು ವಾರ ಹಿಡಿಯಿತು. ಒಮ್ಮೆಯೂ ಬೇಸರ ಪಟ್ಟದ್ದು ನಾನು ಕಾಣೆ. ಈ ಸಲ ಅಸಲಿಗಳಲ್ಲಿ ತಪ್ಪಿಸಿಕೊಂಡದ್ದು ಎರಡೇ.

ಪ್ರಬಂಧ ಅಚ್ಚಿಗೆ ಹೋಗುವಾಗ, "ನಿನ್ನ ಹೆಸರೂ ಹಾಕ್ತೀನಪ್ಪ" ಎಂದರು ಮೇಡಂ. ಅಟೆಂಡರ್ ಗಾಬರಿಯಾದ.

"ಬ್ಯಾಡಿ ಮೇಡಮ್ಮೋರೆ! ಕಳ್ತನದ ಇಚಾರ ಇಷ್ಟ್ ಚೆನ್ನಾಗಿ ಇವನ್ಗೆಂಗೆ ಗೊತ್ತು ಅಂತಾರೆ ನಮ್ಮೂರ್ನೋರು."

೪. ಐದನೆಯದು

ಪ್ರಬಂಧವೇನೋ ಸಲ್ಲಿಕೆಯಾಯಿತು. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಕಣ್ಣಾರೆ ನೋಡಿಯೇ ಒಪ್ಪುವವರು. ತಾವೇ ತಂದ ಇಪ್ಪತ್ತು ಪ್ರೋಗ್ರಾಂ ಕೊಟ್ಟರು. "ನಾಲ್ಕರಲ್ಲಿ ವೈರಸ್ ಇದೆ. ಯಾವುವು ಅಂತ ಚೀಟಿ ನನ್ನ ಜೇಬಲ್ಲಿದೆ."

ಮೇಡಂ ಪ್ರೋಗ್ರಾಂ ನಾಲ್ಕನ್ನೂ ಹಿಡಿಯಿತು. ಅಲ್ಲಿಗೇ ನಿಲ್ಲದೆ ಐದನೆಯದನ್ನೂ ಹಿಡಿಯಿತು.

ಪರೀಕ್ಷಕರು ತಲೆಯಾಡಿಸಿದರು. "ನಿರಪರಾಧಿಗೂ ಕೋಳ ಹಾಕಿತಲ್ಲಮ್ಮ. ಅದು ನಮ್ಮ ಕಾಲೇಜಿನ ಅಂಕಪಟ್ಟಿ ಮಾಡೋ ಪ್ರೋಗ್ರಾಂ. ನಾನೇ ಬರೆದದ್ದು."

ನಾನು ನೆಲ ನೋಡಿದೆ. ಮೇಡಂ ಪರದೆಯನ್ನು ಅವರತ್ತ ತಿರುಗಿಸಿದರು. "ತಪ್ಪಾಗಿದ್ರೆ ಒಪ್ಕೋತೀನಿ ಸಾರ್. ಯಾಕೆ ಹಿಡೀತು ಅಂತ ಒಂದ್ಸಲ ನೋಡೋಣವಾ?"

ಆ ಐದನೆಯದು ಮಾಡಿದ ಕೆಲಸಗಳನ್ನು ಪರದೆಯಿಂದ ಒಂದೊಂದಾಗಿ ಓದಿದರು. ಅಂಕಗಳ ಫೈಲ್ ತೆರೆಯಿತು. ತಾರೀಖು ನೋಡಿತು. ಕೂಡಿತು. ಮುಚ್ಚಿತು. ಎಲ್ಲ ಸಾಧುವೇ.

"ಆಮೇಲೆ ಯಾರನ್ನೂ ಕೇಳದೆ ಮತ್ತೆ ತೆರೀತು ಸಾರ್. ಮೂವತ್ತಮೂರು ಇದ್ದಲ್ಲಿ ಮೂವತ್ತೈದು ಮಾಡ್ತು. ಮೂವತ್ತನಾಲ್ಕು ಇದ್ದಲ್ಲೂ ಮೂವತ್ತೈದು. ತಿದ್ದಿದ ಗುರುತು ಅಳಿಸಿ..." ಅಲ್ಲಿಗೆ ನಿಲ್ಲಿಸಿದರು.

ಪರೀಕ್ಷಕರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಜೇಬಿನ ಚೀಟಿ ತೆಗೆದು, ನನ್ನ ಪೆನ್ನು ಕೇಳಿ ಪಡೆದು, ಕೆಳಗೆ ಇನ್ನೊಂದು ಸಂಖ್ಯೆ ಸೇರಿಸಿದರು.

"ಐದೂ ಸರಿಯಾಗಿವೆ, ಡಾಕ್ಟರೇ" ಎಂದರು. "ಐದನೆಯದು ಯಾವ ಕಾಲೇಜಿನದು ಅಂತ ಮಾತ್ರ ಎಲ್ಲೂ ಬರೀಬೇಡಿ."