ನಾವೆ ಮುಳುಗಿಸಿದ ಮಾವ

ಪ್ರಳಯದಲ್ಲೂ ಮುಳುಗದ ನೋಹನ ನಾವೆಯನ್ನು ಮುಳುಗಿಸಿದ ಕೀರ್ತಿ ಈ ಲೋಕದಲ್ಲಿ ಯಾರಿಗಾದರೂ ಸಲ್ಲಬೇಕಾದರೆ ಅದು ನಮ್ಮ ಸೋದರಮಾವನಿಗೆ. ನಲವತ್ತು ದಿನ ಸುರಿದ ಮಳೆಯಿಂದ ಆಗದ ಕೆಲಸವನ್ನು ಅವರು ದೊಡ್ಡಬಳ್ಳಾಪುರದ ನಮ್ಮ ಚರ್ಚಿನ ಹಿಂದಿರುವ ಸಿಮೆಂಟು ತೊಟ್ಟಿಯಲ್ಲಿ, ನಾಲ್ಕೇ ನಿಮಿಷದಲ್ಲಿ, ಇಪ್ಪತ್ತು ಮಕ್ಕಳ ಕಣ್ಣೆದುರಿಗೆ ಮಾಡಿ ತೋರಿಸಿದರು. ಇಂಥವರ ಕೈಗೆ ಮಕ್ಕಳನ್ನು ಒಪ್ಪಿಸಿದ್ದು ಯಾರು ಎಂದು ನೀವು ಕೇಳಬಹುದು. ಅವರ ಹೆಂಡತಿ, ಅಂದರೆ ನಮ್ಮ ಅತ್ತೆ.

ಮಾವ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ವಾಲಿಟಿ ಚೆಕಿಂಗ್ ಮಾಡಿದವರು. ಬೇರೆಯವರು ಮಾಡಿದ್ದನ್ನು ಕೈಗೆತ್ತಿಕೊಂಡು, ಆ ಕಡೆ ಈ ಕಡೆ ತಿರುಗಿಸಿ ನೋಡಿ, "ರಿಜೆಕ್ಟ್" ಎನ್ನುವ ಕೆಲಸ. ನಿವೃತ್ತರಾದ ಮೇಲೆ ಕಾರ್ಖಾನೆ ಬಿಟ್ಟರೇ ಹೊರತು ರಿಜೆಕ್ಟ್ ಮಾಡುವುದನ್ನು ಬಿಡಲಿಲ್ಲ. ಅತ್ತೆ ಕಟ್ಟಿದ ಮುದ್ದೆ ಒಂದರ ಹಾಗೆ ಇನ್ನೊಂದಿಲ್ಲ ಎಂದರು. ದೋಸೆ ಒಂದು ಅಂಚಿನಲ್ಲಿ ದಪ್ಪ, ಇನ್ನೊಂದು ಅಂಚಿನಲ್ಲಿ ತೆಳು ಎಂದರು. ಹದಿನೈದು ದಿನ ಸಹಿಸಿದ ಅತ್ತೆ, ಹದಿನಾರನೆಯ ದಿನ ಸೆರಗು ಬಿಗಿದುಕೊಂಡು ಅಯ್ಯನವರ ಮನೆಗೆ ಹೋದರು. ನಮ್ಮಲ್ಲಿ ಪಾಸ್ಟರನ್ನು ಅಯ್ಯನವರು ಎಂದೇ ಕರೆಯುವುದು.

"ಅಯ್ಯನವರೇ, ಇವ್ರಿಗೆ ಏನಾದ್ರೂ ಒಂದು ಕೆಲಸ ಕೊಡಿ. ಇಲ್ಲಾಂದ್ರೆ ಬರೋ ಭಾನುವಾರದೊಳಗೆ ನಾನು ತವರುಮನೆಗೆ ಹೋಗ್ತೀನಿ" ಎಂದರು.

ಅತ್ತೆಗೆ ಐವತ್ತೈದು ದಾಟಿತ್ತು. ತವರುಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಅಯ್ಯನವರಿಗೆ ಸಂಕಟದ ಆಳ ಅರ್ಥವಾಯಿತು. ಚಿಕ್ಕ ಮಕ್ಕಳ ಸಂಡೇ ಸ್ಕೂಲ್ ನೋಡಿಕೊಳ್ಳಲು ಜನ ಬೇಕಾಗಿತ್ತು. ಮಾವನನ್ನು ಕರೆಸಿ ಒಪ್ಪಿಸಿಬಿಟ್ಟರು.

ಅಲ್ಲಿಯವರೆಗೆ ನಮ್ಮ ಸಂಡೇ ಸ್ಕೂಲ್ ಎಂದರೆ ಕುರಿಯ ಚಿತ್ರಕ್ಕೆ ಬಣ್ಣ ತುಂಬುವುದು. ಮಾವ ಒಂದು ಹಾಳೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. "ಬಾಯಲ್ಲಿ ಹೇಳಿದ್ದು ಬಾಗಿಲ ತನಕ, ಕೈಯಲ್ಲಿ ಮಾಡಿದ್ದು ಕಡೇ ತನಕ. ಎಲ್ಲಾನೂ ಮಾಡೇ ಕಲೀಬೇಕು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಬಿ.ಎಡ್. ಓದಿದ್ದೀಯಲ್ಲಮ್ಮ, ಬಾ, ಬಕೆಟ್ ಹಿಡ್ಕೋ" ಎಂದರು. ನನ್ನ ಓದಿಗೆ ಅಷ್ಟು ಸ್ಪಷ್ಟವಾದ ಉಪಯೋಗವನ್ನು ಅದುವರೆಗೆ ಯಾರೂ ತೋರಿಸಿರಲಿಲ್ಲ.

ಮೊದಲ ಪಾಠ ಆದಾಮನ ಸೃಷ್ಟಿ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿ, ಮೂಗಿಗೆ ಉಸಿರು ಊದಿದ ಕಥೆ. ಮಾವ ಎರಡು ಮೂಟೆ ಕೆಂಪು ಮಣ್ಣು ತರಿಸಿ, ನೀರು ಹಾಕಿ ಕಲಸಿ, ಮಕ್ಕಳನ್ನು ಅದರ ಸುತ್ತ ಕೂರಿಸಿದರು. ಮಕ್ಕಳು ಭಾನುವಾರದ ಬಿಳಿ ಬಟ್ಟೆಯಲ್ಲಿದ್ದವು ಎಂಬುದನ್ನು ಅವರು ಗಮನಿಸಲೇ ಇಲ್ಲ. ಅರ್ಧ ಗಂಟೆಯಲ್ಲಿ ಇಪ್ಪತ್ತು ಆದಾಮರು ತಯಾರಾದರು, ಇಪ್ಪತ್ತು ಮಕ್ಕಳೂ ಆದಾಮನ ಬಣ್ಣಕ್ಕೆ ತಿರುಗಿದವು. ಸ್ಯಾಮ್ಯುಯೆಲ್ ಎಂಬ ಏಳು ವರ್ಷದ ಪೋರ ತನ್ನ ಗೊಂಬೆಗೆ ಕೆನ್ನೆ ಕೆಂಪಾಗುವ ತನಕ ಊದಿ, "ತಾತ, ಇವನು ಏಳ್ತಾನೇ ಇಲ್ಲ" ಎಂದು ದೂರು ಕೊಟ್ಟ.

ಮಾವ ಕನ್ನಡಕ ಏರಿಸಿ ಪರೀಕ್ಷೆ ಮಾಡಿದರು. "ಮೂಗಿಗೆ ತೂತೇ ಇಟ್ಟಿಲ್ವಲ್ಲೋ, ಉಸಿರು ಎಲ್ಲಿಂದ ಹೋಗ್ಬೇಕು? ರಿಜೆಕ್ಟ್."

ಮಕ್ಕಳ ತಾಯಂದಿರು ಬಟ್ಟೆ ನೋಡಿ ಜಗಳಕ್ಕೆ ಬಂದರು. ಮಾವ ಶಾಂತವಾಗಿ ಹೇಳಿದರು: "ಆದಾಮನಿಗೆ ಬಟ್ಟೇನೇ ಇರ್ಲಿಲ್ಲ ಕಣಮ್ಮ. ಕೊಳೆ ಆಗೋ ಮಾತೆಲ್ಲಿ?"

ಇನ್ನು ನಾವೆ. ಪ್ರಳಯ ಬಂದಾಗ ನೋಹ ಪ್ರತಿ ಪ್ರಾಣಿಯ ಜೋಡಿಯನ್ನು ಅದಕ್ಕೆ ಹತ್ತಿಸಿ ಉಳಿಸಿದ ಕಥೆ. ಪ್ಲೈವುಡ್ಡಿನಲ್ಲಿ ಮೂರು ಅಂತಸ್ತು ಕಟ್ಟಿ, ಸಂದಿಗಳಿಗೆಲ್ಲ ಡಾಂಬರು ಮೆತ್ತಿ, ಮಾವ ಒಂದು ತಿಂಗಳು ಅದರಲ್ಲೇ ಮುಳುಗಿದ್ದರು. ಆ ತಿಂಗಳು ಅತ್ತೆಯ ಮುದ್ದೆಗಳೆಲ್ಲ ಮಾತಿಲ್ಲದೆ ಪಾಸಾದವು. ಪ್ರಾಣಿಗಳನ್ನು ಜೋಡಿ ಜೋಡಿಯಾಗಿ ತನ್ನಿ ಎಂದು ಮಕ್ಕಳಿಗೆ ಹೇಳಿದ್ದರು. ಎಲ್ಲರೂ ಪ್ಲಾಸ್ಟಿಕ್ಕಿನ ಆನೆ, ಒಂಟೆ, ಹುಲಿ ತಂದರು. ಸ್ಯಾಮ್ಯುಯೆಲ್ ಮನೆಯಿಂದ ಒಂದು ಹುಂಜ, ಒಂದು ಹೇಂಟೆ ತಂದ. ಎರಡೂ ಜೀವಂತ.

"ಬೇಡ ಮಾವ" ಎಂದೆ.

"ನೋಹ ಏನು ಪ್ಲಾಸ್ಟಿಕ್ ಕೋಳಿ ಸಾಕಿದ್ನಾ?" ಎಂದರು.

ನಾವೆ ತೇಲಿತು. ನಿಜಕ್ಕೂ ತೇಲಿತು, ಮಕ್ಕಳು ಚಪ್ಪಾಳೆ ತಟ್ಟಿದವು. ಚಪ್ಪಾಳೆಗೆ ಬೆದರಿದ ಹೇಂಟೆ ಒಂದು ಮೂಲೆಗೆ ಓಡಿತು. ಹುಂಜ ಅದರ ಹಿಂದೆಯೇ ಅದೇ ಮೂಲೆಗೆ ಓಡಿತು. ನಾವೆ ವಾಲಿತು, ನೀರು ನುಗ್ಗಿತು, ಆನೆ ಒಂಟೆಗಳೆಲ್ಲ ತೊಟ್ಟಿಯ ತಳ ಸೇರಿದವು. ಕೋಳಿಗಳು ಮಾತ್ರ ಹಾರಿ ಚರ್ಚಿನ ಛಾವಣಿ ಹತ್ತಿದವು, ಸಂಜೆಯವರೆಗೆ ಇಳಿಯಲಿಲ್ಲ. ಮಾವ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ನಾನು ಇಣುಕಿ ನೋಡಿದೆ. "ನಾವೆ: ರಿಜೆಕ್ಟ್. ಕಾರಣ: ಕೋಳಿ" ಎಂದಿತ್ತು.

ಇಷ್ಟಕ್ಕೇ ನಿಂತಿದ್ದರೆ ಚರ್ಚಿನ ಕಮಿಟಿಯವರು ಸುಮ್ಮನಿರುತ್ತಿದ್ದರೇನೋ. ಆದರೆ ಅದರ ಹಿಂದೆಯೇ ಕಳೆದುಹೋದ ಕುರಿಯ ಪಾಠ ಬಂತು. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಾಗ, ಕುರುಬ ತೊಂಬತ್ತೊಂಬತ್ತನ್ನೂ ಬಿಟ್ಟು ಅದನ್ನೇ ಹುಡುಕಿಕೊಂಡು ಹೋದ ಕಥೆ. ಮಾವ ನಮ್ಮ ತಾಲ್ಲೂಕಿನದೇ ಆದ ಮಧುರೆಯಲ್ಲಿದ್ದ, ಕಾರ್ಖಾನೆ ಕಾಲದ ಹಳೆಯ ಗೆಳೆಯರೊಬ್ಬರನ್ನು ಕೇಳಿ, ಲಗೇಜ್ ಆಟೋದಲ್ಲಿ ಒಂದು ಕುರಿ ತರಿಸಿದರು.

"ನೂರು ಕುರಿ ಬೇಕಲ್ವಾ ಮಾವ?" ಎಂದು ಕೆಣಕಿದೆ.

"ಯಾಕೆ? ಕಳೆದೋಗಿದ್ದು ಒಂದೇ ತಾನೇ?"

ಆರಾಧನೆ ಮುಗಿಯುವ ಹೊತ್ತಿಗೆ ಕುರಿಯನ್ನು ಹಿಂದಿನ ಬೇಲಿಯ ಮರೆಯಲ್ಲಿ ಕಟ್ಟಿಬಂದರು. ಮಕ್ಕಳು ಹುಡುಕಬೇಕು, ಸಿಕ್ಕಾಗ ಸಂತೋಷಪಡಬೇಕು, ಅದು ಪಾಠ. ಮಕ್ಕಳು ಹುಡುಕಿಕೊಂಡು ಹೋದರೆ ಅಲ್ಲಿ ಹಗ್ಗ ಮಾತ್ರ ಇತ್ತು. ಆಮೇಲೆ ಮಾವ ಹುಡುಕಿದರು, ನಾನು ಹುಡುಕಿದೆ, ಆರಾಧನೆಗೆ ಬಂದಿದ್ದ ಸಭೆಯವರೆಲ್ಲ ಇಸ್ತ್ರಿ ಬಟ್ಟೆಯಲ್ಲೇ ಬೀದಿ ಬೀದಿ ಹುಡುಕಿದರು. ಬಿಳಿ ನಿಲುವಂಗಿ ಎತ್ತಿ ಹಿಡಿದುಕೊಂಡು ಅಯ್ಯನವರೂ ಮೋರಿಯ ಪಕ್ಕ ಬಗ್ಗಿ ನೋಡುತ್ತಿದ್ದರು. ಕುರಿ ಕೊನೆಗೆ ಸಿಕ್ಕಿದ್ದು ಎರಡು ಬೀದಿಯಾಚೆಯ ಮಟನ್ ಅಂಗಡಿಯಲ್ಲಿ. ಗಾಬರಿಯಾಗಬೇಡಿ, ಇಡಿಯಾಗಿಯೇ ಸಿಕ್ಕಿತು. ಅಂಗಡಿಯ ಸಾಹೇಬರು ಅದನ್ನು ನೆರಳಿಗೆ ಕಟ್ಟಿ, ಮುಂದೆ ನೀರಿಟ್ಟಿದ್ದರು.

"ಭಾನುವಾರ ನಮ್ಮಂಗಡಿಗೆ ತಾನಾಗೇ ಯಾವ ಕುರಿ ನಡ್ಕೊಂಡು ಬರುತ್ತೆ ಸಾರ್? ನೋಡ್ತಿದ್ದಂಗೇ ತಿಳೀತು, ಯಾರದ್ದೋ ದಾರಿ ತಪ್ಪಿರೋದು ಅಂತ. ಹುಡುಕ್ಕೊಂಡು ಬರ್ತಾರೆ ಅಂತ ಕಾಯ್ತಿದ್ದೆ" ಎಂದರು.

ಮುಂದಿನ ವಾರ ಅಯ್ಯನವರು ಸಭೆಯ ಮುಂದೆ ಮಕ್ಕಳನ್ನು ನಿಲ್ಲಿಸಿ, "ಕಳೆದುಹೋದ ಕುರಿ ಎಲ್ಲಿ ಸಿಕ್ತು?" ಎಂದು ಕೇಳಿದರು. ಇಪ್ಪತ್ತು ಮಕ್ಕಳೂ ಒಂದೇ ದನಿಯಲ್ಲಿ, "ಮಟನ್ ಅಂಗಡೀಲಿ ಅಯ್ಯನವರೇ" ಎಂದವು.

ಅಂದೇ ಕಮಿಟಿ ಕೂತಿತು. ಗೋಡೆಗೊಂದು ಟಿವಿ ಹಾಕೋಣ, ಮಕ್ಕಳು ಸುಮ್ಮನೆ ಕೂತು ನೋಡಲಿ ಎಂದರು. ಮಾವ ತಲೆ ತಗ್ಗಿಸಿ ಕೂತಿದ್ದರು. ಮೂವತ್ತು ವರ್ಷ ಪರರದ್ದನ್ನು ತಿರಸ್ಕರಿಸಿದ ಮನುಷ್ಯ ತಮ್ಮ ಸರದಿ ಬಂದಾಗ ಜೇಬಿನ ಪುಸ್ತಕವನ್ನು ಸುಮ್ಮನೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನೋಡಲಾರದೆ ಅಯ್ಯನವರೇ ಬಾಯಿ ಹಾಕಿದರು: "ಬರೋ ಭಾನುವಾರ ನಾನೇ ಬಂದು ಪಾಠ ನೋಡ್ತೀನಿ. ಆಮೇಲೆ ತೀರ್ಮಾನ ಮಾಡಣ."

ಪಟ್ಟಿಯ ಪ್ರಕಾರ ಮುಂದಿನ ಪಾಠ ಲಾಜರನದು. ಯೇಸುಸ್ವಾಮಿ ತಮ್ಮ ಸತ್ತ ಗೆಳೆಯನನ್ನು ಗೋರಿಯಿಂದ ಎಬ್ಬಿಸಿದ ಕಥೆ. ಮಾವ ಫ್ರಿಜ್ಜಿನ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಗವಿ ಮಾಡಿದರು. ಲಾಜರನಾಗಬೇಕಿದ್ದ ಸ್ಯಾಮ್ಯುಯೆಲನಿಗೆ ಹೆಣದ ಬಟ್ಟೆಯ ಹಾಗೆ ಸುತ್ತಲು ತಮ್ಮ ಹಳೆಯ ಪಂಚೆಯನ್ನು ಉದ್ದುದ್ದ ಪಟ್ಟಿಗಳಾಗಿ ಹರಿದಿಟ್ಟುಕೊಂಡರು. "ಇದ್ರಲ್ಲಿ ಮಣ್ಣಿಲ್ಲ, ನೀರಿಲ್ಲ, ಕುರಿ ಇಲ್ಲ. ಏನು ತಪ್ಪಾಗುತ್ತೆ ನೀನೇ ಹೇಳಮ್ಮ" ಎಂದರು.

ಆ ಭಾನುವಾರ ಗ್ರೇಸಿ ಬಂದಳು. ಆರು ವರ್ಷದ ಹುಡುಗಿ. ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಅವಳ ತಾಯಿ ಕಾಯಿಲೆ ಬಿದ್ದು ತೀರಿಕೊಂಡಿದ್ದಳು. ಮಣ್ಣು ಮಾಡಿದ ಮೇಲೆ ಮಗು ಸಂಡೇ ಸ್ಕೂಲಿಗೆ ಬಂದಿದ್ದು ಅದೇ ಮೊದಲು. ಅಜ್ಜಿ ಅವಳನ್ನು ಬಾಗಿಲಲ್ಲಿ ಬಿಟ್ಟು, "ಇನ್ನೂ ಒಂದು ತೊಟ್ಟು ಕಣ್ಣೀರು ಹಾಕಿಲ್ಲ ಕಣಮ್ಮ ಇದು" ಎಂದು ನನ್ನ ಕಿವಿಯಲ್ಲಿ ಹೇಳಿ ಹೋದರು. ನಾನು ಪಾಠ ಬದಲಾಯಿಸಲು ಹೇಳೋಣವೆಂದು ಮಾವನ ಹತ್ತಿರ ಓಡಿದೆ. ಅಷ್ಟರಲ್ಲಿ ಅವರು ಕಥೆ ಹೇಳಿ ಮುಗಿಸಿ, ಪಟ್ಟಿ ಸುತ್ತಲು ಶುರುಮಾಡಿದ್ದರು.

ಗ್ರೇಸಿ ಎದ್ದು ನಿಂತಳು. "ತಾತ, ಲಾಜರ ಎಷ್ಟು ದಿನದ ಮೇಲೆ ಎದ್ದ?"

"ನಾಲ್ಕು ದಿನ ಮಗಾ."

"ನಮ್ಮಮ್ಮಂಗೆ ಜಾಸ್ತಿ ದಿನ ಆಗೋಯ್ತು. ಅಮ್ಮಂಗೆ ಇಲ್ಲೇ ಮಾಡ್ಬೋದಾ, ಇಲ್ಲಾ ಈ ಬಟ್ಟೆ ಎಲ್ಲಾ ತಗೊಂಡು ಅಲ್ಲಿಗೇ ಹೋಗ್ಬೇಕಾ?"

ಅವಳು ಮೊಂಡು ಹಿಡಿದು ಕೇಳಲಿಲ್ಲ. ನಂಬಿ ಕೇಳಿದಳು. ಎಲ್ಲವನ್ನೂ ಮಾಡೇ ಕಲಿಯಬೇಕು ಎಂದು ಹೇಳಿಕೊಟ್ಟವರು ಮಾವನೇ ಅಲ್ಲವೇ?

ಮಾವನ ಕೈ ನಿಂತಿತು. ಸ್ಯಾಮ್ಯುಯೆಲನ ಮೈಯಿಂದ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿ, ಸುತ್ತಿ, ಚೀಲದೊಳಗಿಟ್ಟರು. ಮಂಡಿನೋವಿನಿಂದ ವರ್ಷಗಳಿಂದ ನೆಲಕ್ಕೆ ಕೂತವರಲ್ಲ. ಗೋಡೆ ಹಿಡಿದುಕೊಂಡು ಕೆಳಗೆ ಕೂತರು. ಈಗ ಅವರ ಮುಖ ಅವಳ ಮುಖದ ಎತ್ತರಕ್ಕೆ ಬಂತು.

"ಎಬ್ಬಿಸೋದು ತಾತಂಗೆ ಬರಲ್ಲ ಮಗಾ" ಎಂದರು. "ಆದ್ರೆ ಎಬ್ಬಿಸೋಕೆ ಮುಂಚೆ ಯೇಸುಸ್ವಾಮಿ ಅಲ್ಲಿ ಇನ್ನೊಂದು ಕೆಲಸ ಮಾಡಿದ್ರು. ನಾನು ಅದನ್ನ ಹೇಳೋದು ಬಿಟ್ಬಿಟ್ಟೆ."

"ಏನು ಮಾಡಿದ್ರು?"

"ಗೋರಿ ಹತ್ರ ನಿಂತ್ಕೊಂಡು ಅತ್ರು."

"ಯೇಸುಸ್ವಾಮೀನಾ?"

"ಹೂಂ. ಅವರೇ."

ಅಷ್ಟು ಹೇಳುವಾಗ ಮಾವನ ಕಣ್ಣಿಂದ ನೀರು ಇಳಿಯಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಗ್ರೇಸಿ ಅವರನ್ನೇ ನೋಡಿದಳು. ಆಮೇಲೆ ಅವರ ಎದೆಗೆ ಮುಖ ಒತ್ತಿ, "ಅಮ್ಮಾ" ಎಂದು ಅತ್ತಳು. ಸ್ಯಾಮ್ಯುಯೆಲ್ ಬಂದು ಮಾವನ ಪಕ್ಕ ಅಂಟಿಕೊಂಡು ಕೂತ. ಅವನ ಹಿಂದೆಯೇ ಒಂದೊಂದಾಗಿ ಉಳಿದ ಮಕ್ಕಳೂ ಬಂದು ಕೂತವು.

ಪಾಠ ನೋಡಲು ಬಂದ ಅಯ್ಯನವರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಕಾಲಿಡಲಿಲ್ಲ. ಸದ್ದಾಗದಂತೆ ಕದ ಮುಂದೆ ಮಾಡಿಕೊಂಡರು. ಹೊರಗೆ ಯಾರೋ, ಹೊತ್ತಾಯಿತು, ಮಕ್ಕಳನ್ನು ಕಳಿಸಿ ಎಂದದ್ದಕ್ಕೆ ಅವರು ಹೇಳಿದ್ದು ನನಗೆ ಕೇಳಿಸಿತು.

"ಸ್ವಲ್ಪ ತಡೀರಮ್ಮ. ಪಾಠ ನಡೀತಿದೆ."