ಎಂಟು ಕಮ್ಮಿ ಯಾಕೆ?

ಸಕಲೇಶಪುರದ ಕಡೆ ಫೈಬರ್ ಇಂಟರ್‌ನೆಟ್ ರಿಪೇರಿ ಮಾಡುವವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಕಷ್ಟವೇನೆಂದರೆ, ನಗುವವರು ಬೇರೆಯವರು, ನಗೆಪಾಟಲಾಗುವವನು ನಾನು.

ಹೂವಿಲ್ಲದ ಗುಡ್ ಮಾರ್ನಿಂಗ್

ಆನೇಮಹಲ್‌ನ ನಿವೃತ್ತ ಮೇಷ್ಟ್ರ ಮನೆಯಿಂದ ವಾಟ್ಸಾಪಿನಲ್ಲಿ 'ಗುಡ್ ಮಾರ್ನಿಂಗ್' ಎಂಬ ಅಕ್ಷರ ಹೋಗುತ್ತಿತ್ತು, ಹೂವಿನ ಫೋಟೊ ಮಾತ್ರ ಸುತ್ತುತ್ತಲೇ ಇರುತ್ತಿತ್ತು. ನಾನು ಕೇಬಲ್ ಬದಲಿಸಿದೆ, ಮೂರು ಸಲ ಕಂಬ ಹತ್ತಿದೆ. ಕೊನೆಗೆ ಆಫೀಸಿನವರು ನನ್ನ ಜೊತೆ ಕೆಲಸ ಮಾಡುವ ಆಲೂರಿನವನನ್ನು ಕಳಿಸಿದರು. ಅವನು ಕಾಫಿ ಕುಡಿಯುತ್ತಲೇ ರೂಟರ್‌ನ ಸೆಟ್ಟಿಂಗ್ ತೆಗೆದು, ಪ್ಯಾಕೆಟ್ಟಿನ ಅಳತೆ 1500 ಇದ್ದದ್ದನ್ನು 1492 ಮಾಡಿದ. ಹೂವು ಹೋಯಿತು!

"ಡೇಟಾ ಮೂಟೆ ಮೂಟೆಯಾಗಿ ಹೋಗೋದು ಮೇಷ್ಟ್ರೇ. ನಮ್ಮ ಲೈನಲ್ಲಿ ಪ್ರತಿ ಮೂಟೆಗೂ ಚೀಟಿ ಅಂಟಿಸ್ಬೇಕು, ಅದಕ್ಕೆ ಎಂಟು ಜಾಗ ಬಿಟ್ಟೆ. ಇಲ್ದಿದ್ರೆ ದೊಡ್ಡ ಮೂಟೆ ಬಾಗ್ಲಲ್ಲೇ ಸಿಕ್ಕಾಕ್ಕೊಂಬುಡ್ತದೆ," ಎಂದ.

ಮೇಷ್ಟ್ರು ನನ್ನ ಕಡೆ ತಿರುಗಿ, "ನೀನೂ ಕಂಬ ಚೆನ್ನಾಗಿ ಹತ್ತುತೀಯಪ್ಪ," ಎಂದರು.

ಬೆಳೆಗಾರರ ಮರ್ಯಾದೆ

ಆಮೇಲೆ ಎಲ್ಲರದೂ ಒಂದೇ ರಾಗ: "ಆ ಆಲೂರಿನೋರನ್ನೇ ಕಳ್ಸಿ." ನನಗೆ ಹೊಟ್ಟೆ ಉರಿದುಹೋಯಿತು. ಹೀಗೇ ಆದರೆ ನನ್ನ ಹಾನುಬಾಳು ರೂಟೂ ಅವನ ಪಾಲಾಗಿ, ಅವನ ಹಿಂದೆ ಏಣಿ ಹೊರುವುದಷ್ಟೇ ನನಗುಳಿಯುತ್ತಿತ್ತು.

ಅಷ್ಟರಲ್ಲಿ ಹಾನುಬಾಳಿನ ಎಸ್ಟೇಟ್ ಮಾಲೀಕರೊಬ್ಬರು ಫೋನ್ ಮಾಡಿದರು. ಅವರಿಗೂ ಆಲೂರಿನವನೇ 1492 ಹಾಕಿದ್ದ. ಪಕ್ಕದ ಎಸ್ಟೇಟಿನವರದು ಬೇರೆ ಕಂಪನಿಯ ನೆಟ್, ಬೇರೆ ಲೆಕ್ಕ.

"ಏನಯ್ಯಾ, ಪಕ್ಕದೋನಿಗೆ ಸಾವಿರದೈನೂರು ಐತಂತೆ. ನನಗ್ಯಾಕೆ ಎಂಟು ಕಮ್ಮಿ? ನಾನೇನು ಅವನಿಗಿಂತ ಸಣ್ಣ ಬೆಳೆಗಾರನಾ?"

ರೋಗಿ ಬಯಸಿದ್ದೂ ಹಾಲು ಅನ್ನ! "ಆ ಆಲೂರಿನವನದು ಕೈ ಬಿಗಿ ಸಾರ್," ಎಂದು ಹೋಗಿ 1500 ಹಾಕಿಬಂದೆ. ಮರುದಿನ ಮತ್ತೆ ಫೋನ್.

"ನೆಟ್ ನಿಂತ್ಹೋಗ್ಬುಟ್ಟೈತೆ, ಬಾರಯ್ಯ. ಆದ್ರೆ ಆ ಎಂಟು ಮಾತ್ರ ವಾಪಸ್ ತಗೋಬೇಡ!"

ಸ್ಟಿಕ್ಕರ್

ಅವರು ಆಲೂರಿನವನನ್ನು ಕರೆಸಿದರೆ ನನ್ನ ಕಥೆ ಮುಗಿಯಿತು. ಓಡಿಹೋಗಿ ಸದ್ದಿಲ್ಲದೆ ಒಳಗೆ 1492 ಹಾಕಿದೆ. ಹೊರಗೆ, ರೂಟರ್ ಮೇಲೆ, ದಪ್ಪಕ್ಷರದಲ್ಲಿ 1500 ಎಂದು ಬರೆದ ಸ್ಟಿಕ್ಕರ್ ಹಚ್ಚಿದೆ. ನೆಟ್ ಸರಾಗವಾಗಿ ಓಡಿತು. ಮಾಲೀಕರು ಅದರ ಫೋಟೊ ತೆಗೆದು ಪಕ್ಕದವರಿಗೇ ಕಳಿಸಿದರು. ವಾರದೊಳಗೆ ಪಕ್ಕದವರೂ ನಮ್ಮ ಲೈನ್ ಹಾಕಿಸಿಕೊಂಡು, "ನನಗೆ ಸಾವಿರದಾರುನೂರು ಹಾಕು," ಎಂದರು. ಹಚ್ಚಿದೆ. ಹಾನುಬಾಳೆಲ್ಲ ನನ್ನನ್ನೇ ಕೇಳತೊಡಗಿತು.

ಒಂದು ಬೆಳಿಗ್ಗೆ ಆಲೂರಿನವನೇ ಫೋನ್ ಮಾಡಿದ. "ಎಲ್ರೂ ನಿನ್ನೇ ಕರೀತಾವ್ರೆ. ಅದೇನ್ ಸೆಟ್ಟಿಂಗ್ ಮಾಡ್ಬುಟ್ಟೆ ಮಾರಾಯ?"

ಅವನ ಹೊಟ್ಟೆಯುರಿ ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

"ನೀನೇ ಹೇಳ್ಕೊಟ್ಟಿದ್ದಲ್ವೇನೋ," ಅಂದೆ, "ಮೂಟೆಗೆ ಚೀಟಿ ಅಂಟಿಸ್ಬೇಕು ಅಂತ!"