ಚುರುಕು ಕಿವಿಯ ಮೈಕು

ನನ್ನ ಕಂಠದಲ್ಲಿ ಯಾವ ದೋಷವೂ ಇಲ್ಲ. ದೋಷವೆಲ್ಲ ಮೈಕಿನದು. ಈ ಸತ್ಯವನ್ನು ನಾನು ಬಹಳ ಹಿಂದೆಯೇ ಕಂಡುಕೊಂಡಿದ್ದೆ. ಜಗತ್ತಿಗೆ ತಿಳಿಸುವುದೊಂದೇ ಬಾಕಿ ಇತ್ತು.

ಆಗ ನಾನು ಮಾನ್ವಿಯಲ್ಲಿ ದರ್ಜಿ. ದಿನವಿಡೀ ಹೊಲಿಗೆ ಮಿಷಿನ್ ತುಳಿಯುತ್ತ ಭಜನೆ ಪದ ಹಾಡುತ್ತಿದ್ದೆ. ಕಾಲು ನಿಂತರೆ ಹಾಡು ನಿಲ್ಲುತ್ತಿತ್ತು, ಹಾಡು ನಿಂತರೆ ಕಾಲು. ಗಿರಾಕಿಗಳು ಒಮ್ಮೆಯೂ ಆಕ್ಷೇಪಿಸಿದವರಲ್ಲ. ತಮ್ಮ ಬಟ್ಟೆ ನನ್ನ ಕತ್ತರಿಯ ಕೆಳಗಿರುವಾಗ ಯಾರು ಆಕ್ಷೇಪಿಸುತ್ತಾರೆ?

ದೇವದುರ್ಗದ ನನ್ನ ಮಾವನವರು ಮಾತ್ರ ಜಗ್ಗಿರಲಿಲ್ಲ. ಹೆಂಡತಿಯ ಅಣ್ಣನ ಮದುವೆಯಲ್ಲಿ ನಾನು ಹಾಡಲು ಶುರುಮಾಡಿದೊಡನೆ ಅವರು ಎತ್ತಿಗೆ ನೀರು ಕುಡಿಸಬೇಕೆಂದು ಎದ್ದು ಹೋದರು. ಎತ್ತು ಆಗಲೇ ಕುಡಿದಾಗಿತ್ತು! ಬಾಡಿಗೆ ಮೈಕಿನ ದೋಷವೆಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ನಾದಿನಿಯ ಮದುವೆ ಗೊತ್ತಾಯಿತು. ಮಾವನ ಬಾಯಿಂದ ಒಂದು 'ಭೇಷ್' ಹೊರಡಿಸದಿದ್ದರೆ ನಾನು ಅಳಿಯನೇ ಅಲ್ಲ ಎಂದು ಶಪಥ ಮಾಡಿದೆ. ಅಲ್ಲಿಂದ ಮುಂದೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಒಬ್ಬ ಗಿರಾಕಿಯ ಅಂಗಿಗೆ ಎರಡೂ ಎಡದ ತೋಳೇ ಹೊಲಿದುಬಿಟ್ಟೆ.

"ಸ್ವಂತ ಮೈಕ ತರ್ತೀನಿ. ರಾಯಚೂರಿಗೆ ಹೊಂಟೀನಿ" ಎಂದೆ.

ಹೆಂಡತಿ ಶರಣಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮೈಕ ತಂದ್ರ ದನಿ ದೊಡ್ಡದಾಗ್ತದ. ಚಂದ ಆಗ್ತದೇನ್ರಿ?"

"ನಿನಗ ಸಂಗೀತ ತಿಳಿಯಂಗಿಲ್ಲ."

"ಮೊದಲು ತಿಳೀತಿತ್ತು. ನಿಮ್ಮನ್ನ ಮದಿವಿ ಆದಮ್ಯಾಲ ಮರ್ತೀನಿ!"

ಬಸ್ಸಿನಲ್ಲೂ ನನ್ನ ಕಾಲು ಸುಮ್ಮನಿರಲಿಲ್ಲ. ಮುಂದಿನ ಸೀಟಿನವರು ಮೂರು ಸಲ ತಿರುಗಿ ನೋಡಿ, ಕೊನೆಗೆ ಜಾಗ ಬದಲಿಸಿದರು.

ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರದ ಮೈಕಿನ ಅಂಗಡಿಯಲ್ಲಿ ಮಾಲೀಕರಾದ ಸಾಹೇಬರು ಎರಡು ಮೈಕು ತಂದಿಟ್ಟು ಆಂಪ್ಲಿಫೈಯರಿಗೆ ಜೋಡಿಸಿದರು. ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ. ಮೈಕು ಕೊಳ್ಳುವವನು ನೋಡಬೇಕಾದ್ದು ಕಿವಿ! ನಾನು ಬಾಗಿಲ ತನಕ ಹಿಂದೆ ಸರಿದು ಮೆಲ್ಲಗೆ "ಹಲೋ" ಎಂದೆ. ಮೊದಲನೆಯದು ಕೇಳಿಸಿಕೊಳ್ಳಲೇ ಇಲ್ಲ. ಎರಡನೆಯದು ನನ್ನ ಹಲೋವನ್ನೂ ಹೇಳಿತು, ಹೊರಗೆ ನಿಂತಿದ್ದ ಟಾಂಗಾದ ಕುದುರೆ ಸೀನಿದ್ದನ್ನೂ ಹೇಳಿತು.

"ಇದ ಬೇಕು!" ಎಂದೆ.

"ಅರೇ ಭಾಯ್, ಅದು ಮೀಟಿಂಗಿಗೆ ರೀ. ಸುತ್ತ ಕುಂತೋರ ಮಾತೆಲ್ಲ ಹಿಡೀತದ. ಹಾಡಾಕ ಇದು ತಗೋರಿ. ಬಾಯಿ ಮುಂದಿನದಷ್ಟ ಕೇಳ್ತದ."

"ಎರಡಕ್ಕೂ ಒಂದ ರೇಟ ಅಂದಮ್ಯಾಲ ಕಿವುಡ ಮೈಕ ಯಾಕ ಒಯ್ಯಲ್ರೀ?"

ಸಾಹೇಬರು "ನಿಮ್ಮ ಮರ್ಜಿ" ಎಂದು ಪೊಟ್ಟಣ ಕಟ್ಟಿದರು.

ದೇವದುರ್ಗದಲ್ಲಿ ನಾದಿನಿಯ ಮದುವೆಯ ಅಕ್ಕಿಕಾಳು ಬಿದ್ದವು. ಹಂದರದೊಳಗೆ ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು. ಬಾಡಿಗೆ ಮೈಕ್‌ಸೆಟ್ಟಿನ ಹಾರ್ನು ಬೇವಿನ ಮರದ ಮೇಲಿತ್ತು. ನನ್ನ ಹಿಂದೆಯೇ ಜಮಖಾನದ ಮೇಲೆ ಮಾವ ಮತ್ತು ಗಂಡಿನ ತಂದೆ ಕೂತಿದ್ದರು. ಹತ್ತಿರದಲ್ಲಿ ಎತ್ತು ಇಲ್ಲದ್ದನ್ನು ಮೊದಲೇ ನೋಡಿಕೊಂಡಿದ್ದೆ. ನಾನು ಗಂಭೀರವಾಗಿ ಬಾಯಿ ತೆರೆದೆ.

"ಕುಂಯ್ಯ್ಯ್ಯ್!"

ಇದು ನಾನಲ್ಲ, ಹಾರ್ನು. ಮೈಕ್‌ಸೆಟ್ಟಿನವನು ಓಡಿಹೋಗಿ ಅದರ ಬಾಯನ್ನು ಬೀದಿಗೆ ತಿರುಗಿಸಿ ಬಂದ. ಮತ್ತೆ ಶುರುಮಾಡಿದೆ. ಈ ಸಲ ಹಾರ್ನಿನಿಂದ ಧಡ್ ಧಡ್ ಧಡ್ ಎಂಬ ಸದ್ದು! ಯಾರೋ ಕಟ್ಟಿಗೆ ಒಡೆಯುತ್ತಿದ್ದಾರೆಂದು ಸುತ್ತ ನೋಡಿದೆ. ನನ್ನದೇ ಕಾಲು! ಇಲ್ಲದ ಮಿಷಿನ್ನನ್ನು ಹಲಗೆಯ ಮೇಲೆ ತುಳಿಯುತ್ತಿತ್ತು. ಕಾಲು ಹಿಡಿದೆ, ಹಾಡು ನಿಂತಿತು. ಕಾಲು ಬಿಟ್ಟೆ, ಎರಡೂ ಹೊರಟವು.

ಹಾಡು ಕೇಳಿಸುತ್ತಿಲ್ಲವೆಂದು ಮೈಕ್‌ಸೆಟ್ಟಿನವನು ದನಿಯನ್ನು ಪೂರ್ತಿ ಏರಿಸಿಬಿಟ್ಟ. ನನ್ನ ಮೈಕು ಈಗ ತನ್ನ ಯೋಗ್ಯತೆಯನ್ನು ತೋರಿಸತೊಡಗಿತು.

"ಯಾವಾಕಿ ಬೇ, ಹುಗ್ಗಿಗಿ ಇನ್ನಾ ಬೆಲ್ಲಾ ಹಾಕಿಲ್ಲ!" ಎಂದು ಅಡುಗೆಯ ಕಡೆಯ ಕೂಗು ಬೇವಿನ ಮರದಿಂದ ಬಂತು. ನಾನು ಕಣ್ಣು ಮುಚ್ಚಿ ದನಿ ಎತ್ತರಿಸಿದೆ. ಪಲ್ಲವಿ ಮುಗಿಸಿ ಉಸಿರು ತೆಗೆದುಕೊಂಡೆನಷ್ಟೆ. ಆ ಸಂದಿಯಲ್ಲೇ ಮಾವನವರು ಬೀಗರ ಕಿವಿಯಲ್ಲಿ ಹೇಳಿದ ಗುಟ್ಟು ಇಡೀ ದೇವದುರ್ಗದ ಮೇಲೆ ಮೊಳಗಿತು.

"ಒಂದೀಟು ತಡಕೋರಿ ಬೀಗರ. ಅಳಿಯ ಅದಾನ, ಬಿಡಾಕ ಬರಂಗಿಲ್ಲ. ಎತ್ತಾಗಿದ್ರ ಸಂತಿಗಿ ಹೊಡಿತಿದ್ದೆ."

ಹೆಂಗಸರ ನಡುವಿನಿಂದ ಶರಣಮ್ಮ ಗಂಡನ ಮಾನ ಕಾಯಲು ಎದ್ದಳು.

"ಯಪ್ಪಾ, ಒಂದ ದಿನಕ್ಕ ಹಿಂಗಂತೀಯಲ್ಲ! ನಾ ದಿನಾ ಕೇಳಾಕತ್ತಿಲ್ಲೇನು?"

ಅದನ್ನೂ ಮೈಕು ಹಿಡಿಯಿತು. ಬೀದಿಯಲ್ಲಿ ಹೋಗುವವರೂ ನಿಂತು ನಕ್ಕರು. ನನಗೆ ಅಳು ಬಂತು. ಅಳಲಿಲ್ಲ. ಅತ್ತಿದ್ದರೆ ಅದೂ ಹಾರ್ನಿನಲ್ಲಿ ಬರುತ್ತಿತ್ತು!

ಊಟದ ಹೊತ್ತಿಗೆ ಬೀಗರು ಹತ್ತಿರ ಬಂದು, "ಭಾಳ ಛಲೋ ಅದ ರೀ" ಎಂದರು. ನಾನು ವಿನಯದಿಂದ ಕೈ ಮುಗಿದೆ.

"ಮೈಕ" ಎಂದರು.

ಮರುವರ್ಷ ನಾದಿನಿಗೆ ಗಂಡು ಕೂಸಾಯಿತು. ಎಂದೂ ನನ್ನ ಅಂಗಡಿ ಮೆಟ್ಟಿಲು ಹತ್ತದ ಮಾವನವರು ಮಾನ್ವಿಗೆ ಬಂದರು. "ಅಳಿಯಂದ್ರ, ತೊಟ್ಟಿಲ ಕಾರ್ಯಕ್ಕ ನಿಮ್ಮ ಮೈಕ ಬೇಕಾಗ್ಯದ. ಹೆಣ್ಣಮಕ್ಕಳು ಸುತ್ತ ಕುಂತು ಜೋಗುಳ ಹಾಡ್ತಾರ."

"ನಾನೂ ಬರ್ತೀನ್ರಿ!"

ಮಾವನವರು ಗಾಬರಿಯಾದರು. ಆಮೇಲೆ ಚೇತರಿಸಿಕೊಂಡು, "ಬರ್ರಿ, ಬರ್ರಿ. ಕೂಸಿಗಿ ಅಂಗಿ, ಕುಲಾಯಿ ಹೊಲಿಯೂದದ. ಮಿಷಿನ್ ತಗೊಂಡ ಬರ್ರಿ" ಎಂದರು.

ಬಸ್ಸಿನ ಟಾಪಿನ ಮೇಲೆ ಮಿಷಿನ್ ಹೇರಿಕೊಂಡು ಹೋದೆ. ತೊಟ್ಟಿಲ ಸುತ್ತ ಹೆಂಗಸರು, ನಡುವೆ ನನ್ನ ಮೈಕು, ಮೂಲೆಯಲ್ಲಿ ನಾನು. ಜೋಗುಳ ಶುರುವಾಯಿತು. ಕಾಲು ತಾನಾಗಿಯೇ ತುಳಿಯತೊಡಗಿತು. ಬೇವಿನ ಮರದ ಹಾರ್ನಿನಲ್ಲಿ ಜೋಗುಳದ ಜೊತೆ ನನ್ನ ಮಿಷಿನ್ನಿನ ಸದ್ದೂ ಹದವಾಗಿ ಕೂಡಿ ಬರುತ್ತಿತ್ತು. ನನ್ನ ಗಂಟಲಿನಲ್ಲಿ ಪದವೊಂದು ಮೇಲೇಳುವಷ್ಟರಲ್ಲಿ ಮಾವನವರು ಬಂದು ಭುಜ ತಟ್ಟಿದರು.

"ಭೇಷ್ ಅಳಿಯಂದ್ರ! ತಾಳ ಭಾಳ ಛಲೋ ಕೂಡ್ಯದ. ಹಿಂಗ ತುಳೀತಿರ್ರಿ. ಬಾಯಿ ಮಾತ್ರ ತೆರೀಬ್ಯಾಡ್ರಿ."

ಅಂತೂ ಶಪಥ ನೆರವೇರಿತು. ಆ ಸಂತೋಷದಲ್ಲಿ ಕೂಸಿನ ಅಂಗಿಗೂ ಎರಡು ಎಡದ ತೋಳೇ ಬಿದ್ದವು.